ಅಪ್‌ಡೇಟ್: ಚಿಯಾಂಗ್ ಮಾಯ್‌ನಲ್ಲಿ ಕೋವರ್ಕಿಂಗ್ ಜಾಗ ಸಿಕ್ಕಿತು
ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಕೂತು ಕೆಲಸ ಮಾಡಲು ಒಳ್ಳೆ ಕೋವರ್ಕಿಂಗ್ ಜಾಗ (ದುಡ್ಡು ಕೊಟ್ಟು ಹಲವರು ಹಂಚಿಕೊಂಡು ಬಳಸುವ ಆಫೀಸು) ಹುಡುಕುವುದು ಹೇಗೆ ಅಂತ ಹೊರಡುವ ಮೊದಲು ಕೇಳಿದ್ದೆ ಅಲ್ವಾ? ಮೊನ್ನೆ ಮಂಗಳೂರಿಗೆ ವಾಪಸ್ ಬಂದೆ. "ಸುಮ್ನೆ ತಿಂಗಳ ಪಾಸ್ ತಗೊಳ್ಬೇಡಿ, ಒಂದೊಂದು ದಿನ ಕೂತು ನೋಡಿ" ಅಂದಿದ್ದ ಉಡುಪಿಯ ಅಕ್ಕನಿಗೆ ತುಂಬಾ ಥ್ಯಾಂಕ್ಸ್.

ನಿಮ್ಮನ್‌ಹೇಮಿನ್ ರಸ್ತೆಯ ಸುತ್ತ ಮೂರು ಕಡೆ ನೋಡಿದೆ. ಮೊದಲನೆಯದು ಫೋಟೋದಲ್ಲಿ ಭಾರೀ ಚಂದ. ಆದರೆ ಕಾಲ್‌ಗೆ ಬೇರೆ ಕೋಣೆ ಇಲ್ಲ, ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ನಿಂತು ಮಾತಾಡಿದೆ. ಮೂರನೆಯದರಲ್ಲಿ ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ. ಕುರ್ಚಿಯೂ ಬೆನ್ನಿಗೆ ಸರಿಯಾಗಿತ್ತು. ಅಲ್ಲೇ ಉಳಿದೆ.

ಮುಚ್ಚುವ ಹೊತ್ತನ್ನು ಖಂಡಿತ ಕೇಳಿಕೊಳ್ಳಿ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ನಮ್ಮ ಸಂಜೆ 6:30ರ ಮೀಟಿಂಗ್ ಅಲ್ಲಿ ರಾತ್ರಿ 8ಕ್ಕೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ ಜಾಸ್ತಿ. ಆಗ ಹೋಗುವವರು ಏರ್ ಪ್ಯೂರಿಫೈಯರ್ ಇರುವ ಜಾಗವನ್ನೇ ಹಿಡಿಯಿರಿ.