ಚಪಾತಿ ಕೈಗೆ ಬಗ್ಗದ ಸೋಡಾ ಬ್ರೆಡ್

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಬಂದವರೊಬ್ಬರು ಮೊನ್ನೆ ಈ ಗ್ರೂಪಿನಲ್ಲಿ ಕೇಳಿದ್ದರು. ಮಗ ಡಬ್ಬಿಯಲ್ಲಿ ಕೊಟ್ಟ ಚಪಾತಿ ಹಾಗೇ ವಾಪಸ್ ತರುತ್ತಾನೆ, ಸ್ನೇಹಿತನ ಮನೆಯಲ್ಲಿ ತಿಂದ ಸೋಡಾ ಫಾರ್ಲ್ ಅನ್ನೋ ಇಲ್ಲಿನ ಸೋಡಾ ಬ್ರೆಡ್ ಬೇಕಂತೆ, ಅದನ್ನು ಮನೆಯಲ್ಲಿ ಮಾಡೋಕೆ ಆಗುತ್ತಾ, ಓವನ್ ಬೇಕಾ ಅಂತ. ಕೆಳಗೆ ಎಲ್ಲರೂ "ನಮ್ಮ ಊಟನೇ ರೂಢಿ ಮಾಡಿಸಿ" ಅಂತ ಬುದ್ಧಿ ಹೇಳಿದ್ದೇ ಹೇಳಿದ್ದು. ಓವನ್ ಬೇಕಾ ಅನ್ನೋದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಬೇಡ. ನಮ್ಮ ದೋಸೆ ಕಾವಲಿ ಸಾಕು.

ನಾವು ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಮಗನಿಗೆ ಈಗ ಎಂಟು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ನನ್ನ ನೈಟ್ ಶಿಫ್ಟ್ ಇದ್ದ ದಿನ ಸ್ಕೂಲ್ ಬಿಟ್ಟ ಮೇಲೆ ಇವನು ಅವರ ಅಡುಗೆಮನೆಯಲ್ಲೇ ಇರುತ್ತಿದ್ದ. ಅವರ ಹತ್ತಿರ ಬುಟ್ಟಿಗೆ ಇರೋ ಹಾಗೆ ಮೇಲೆ ಕಮಾನು ಹಿಡಿ ಇರುವ ದೊಡ್ಡ ಕಬ್ಬಿಣದ ಕಾವಲಿ ಇದೆ. ಅದನ್ನು ಗ್ರಿಡಲ್ ಅನ್ನುತ್ತಾರೆ. ಹಿಂದೆ ಒಲೆಯ ಮೇಲಿನ ಕೊಕ್ಕೆಗೆ ನೇತುಹಾಕಿ, ಕೆಳಗೆ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಮಣ್ಣು) ಉರಿಸಿ ರೊಟ್ಟಿ ಬೇಯಿಸುತ್ತಿದ್ದರಂತೆ. ಆಗ ಇಲ್ಲಿನ ಹಳ್ಳಿಮನೆಗಳಲ್ಲಿ ಓವನ್ ಎಲ್ಲಿತ್ತು? ಓಟ್ಸ್, ಬಾರ್ಲಿ ರೊಟ್ಟಿಗಳೆಲ್ಲ ಕಾವಲಿ ಮೇಲೆಯೇ. 1830ರ ದಶಕದಿಂದ ಈಚೆಗೆ ಅಡುಗೆ ಸೋಡಾ ಅಂಗಡಿಗೆ ಬಂತು. ಇಲ್ಲಿನ ಚಳಿಗೆ, ಮಳೆಗೆ ಬೆಳೆಯೋದು ಮೆತ್ತನೆ ಗೋಧಿ, ಅಂಟು ಕಡಿಮೆ. ಯೀಸ್ಟ್ ಹಾಕಿದರೆ ಸರಿಯಾಗಿ ಉಬ್ಬುವುದಿಲ್ಲ. ಸೋಡಾ, ಮಜ್ಜಿಗೆ ಹಾಕಿದರೆ ಉಬ್ಬುತ್ತದೆ. ಬೆಣ್ಣೆ ಕಡೆಯುವ ಮನೆಯಲ್ಲಿ ಮಜ್ಜಿಗೆಗೇನು ಬರ?

ಕಾವಲಿ, ಮಜ್ಜಿಗೆ, ಸೋಡಾ ಅಂತ ಕೇಳಿ ನನಗೆ ಜಂಬ ಬಂತು. ಹಾಸನದವಳು ನಾನು, ಹನ್ನೆರಡು ವರ್ಷಕ್ಕೇ ಅಕ್ಕಿರೊಟ್ಟಿ ತಟ್ಟಿದವಳು. ಇದೇನು ಮಹಾ ಅಂದುಕೊಂಡೆ.

ಮೊದಲ ಸಲ ಹಿಟ್ಟನ್ನು ಚಪಾತಿಗೆ ನಾದುವ ಹಾಗೆ ಹತ್ತು ನಿಮಿಷ ಚೆನ್ನಾಗಿ ನಾದಿದೆ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಟ್ಟೆ. ಕಾವಲಿ ಹೊಗೆ ಬರುವಷ್ಟು ಕಾಯಿಸಿ ಹಾಕಿದೆ. ಹೊರಗೆ ಕರಿ, ಒಳಗೆ ಹಸಿ, ಕಚ್ಚಿದರೆ ಚಪ್ಪಲಿ. ಎರಡನೇ ಸಲ ಅಂಗಡಿಯಿಂದ "ಸೋಡಾ ಬ್ರೆಡ್ ಹಿಟ್ಟು" ತಂದೆ. ಅದರಲ್ಲಿ ಮೊದಲೇ ಸೋಡಾ ಬೆರೆಸಿರುತ್ತಾರೆ. ಚೀಟಿ ಓದದೆ ಮೇಲೆ ಒಂದು ಚಮಚ ನಾನೂ ಹಾಕಿದೆ. ಸೋಪು ತಿಂದ ಹಾಗಿತ್ತು. ಯಜಮಾನರು ಮಾತಾಡದೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು, ಪಾಪ.

ಮೂರನೇ ಸಲ ಮಗ ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಬಂದು ನಿಂತ. ನಾನು ಹಿಟ್ಟಿಗೆ ಮುಷ್ಟಿ ಇಡುತ್ತಿದ್ದ ಹಾಗೇ ಕೈ ಹಿಡಿದು "ಅಮ್ಮಾ, ನಾದಬೇಡ" ಅಂದ. ಸ್ಕೂಲಿನ ವಿಷಯ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡೋ ಹುಡುಗ ಇವನು. ಈ ಕೆಲಸಕ್ಕೆ ಅವನ ಬಾಯಿಗೆ ಬಂದದ್ದು ಮನೆಯ ಮಾತು, ಯಾಕೆಂದರೆ ನಾದುವುದನ್ನು ಅವನು ನೋಡಿದ್ದು ನಮ್ಮ ಮನೆಯಲ್ಲಿ ಮಾತ್ರ. ಅಜ್ಜಿ ಮನೆಯಲ್ಲಿ ಯಾರೂ ನಾದುವುದೇ ಇಲ್ಲ. ಬೆರಳು ಅಗಲ ಮಾಡಿ, ಬಟ್ಟಲಲ್ಲಿ ಎರಡು ಸುತ್ತು ತಿರುಗಿಸಿ, ಹಿಟ್ಟು ಉದುರಿಸಿದ ಮಣೆ ಮೇಲೆ ಸುಮ್ನೆ ಸವರಿದ. ಅಷ್ಟೇ. ಅವನ ಕೈಗೆ ಚಪಾತಿ ಅಭ್ಯಾಸ ಇಲ್ಲ ನೋಡಿ, ಅದಕ್ಕೇ ಚೆನ್ನಾಗಿ ಬಂತು.

ಈಗ ಅಳತೆ. ಮೈದಾ 250 ಗ್ರಾಂ, ಅರ್ಧ ಟೀ ಚಮಚ ಸೋಡಾ, ಅರ್ಧ ಟೀ ಚಮಚ ಉಪ್ಪು, ಮಜ್ಜಿಗೆ ಸುಮಾರು 200 ಎಂಎಲ್. ಸೋಡಾವನ್ನು ಇಲ್ಲಿ "ಬ್ರೆಡ್ ಸೋಡಾ" ಅಂತಲೂ ಕರೆಯುತ್ತಾರೆ. ಬೇಕಿಂಗ್ ಪೌಡರ್ ಬೇರೆ, ಅದನ್ನು ತರಬೇಡಿ. ಗಂಟಿಲ್ಲದ ಹಾಗೆ ಜರಡಿ ಹಿಡಿಯಿರಿ. ಮಜ್ಜಿಗೆ ಅಂದರೆ ನಾವು ಕುಡಿಯುವ ನೀರು ಮಜ್ಜಿಗೆ ಅಲ್ಲ. ಅಂಗಡಿಯ ಬಟರ್‌ಮಿಲ್ಕ್ ಗಟ್ಟಿಯಾಗಿ ಹುಳಿಯಾಗಿರುತ್ತದೆ. ಅದು ಇಲ್ಲದಿದ್ದರೆ ಎರಡು ದಿನದ ಹುಳಿ ಮೊಸರಿಗೆ ಸ್ವಲ್ಪ ನೀರು ಹಾಕಿ ಕಡೆಯಿರಿ. ಹುಳಿ ಇಲ್ಲದಿದ್ದರೆ ಸೋಡಾ ಹಾಗೇ ಉಳಿದು ಬಾಯಿಗೆ ಸಿಗುತ್ತದೆ. ಹುಳಿ, ಸೋಡಾ ಸೇರಿದ ಕ್ಷಣದಿಂದಲೇ ಗುಳ್ಳೆ ಏಳುತ್ತದೆ, ಆದ್ದರಿಂದ ದೋಸೆ ಹಿಟ್ಟಿನ ತರಹ ಇಟ್ಟುಕೊಂಡು ಕೂರಬಾರದು. ಕಲಸುವ ಮೊದಲೇ ಕಾವಲಿ ಒಲೆ ಮೇಲಿರಲಿ.

ಹಿಟ್ಟು ಅಂಟಂಟಾಗಿಯೇ ಇರುತ್ತದೆ, ಹೆದರಿ ಇನ್ನಷ್ಟು ಹಿಟ್ಟು ಸುರಿಯಬೇಡಿ. ಬೆರಳು ದಪ್ಪಕ್ಕೆ ದುಂಡಗೆ ತಟ್ಟಿ ಚಾಕುವಿನಲ್ಲಿ ಕೂಡಿಸುವ ಚಿಹ್ನೆ ಹಾಗೆ ಕತ್ತರಿಸಿ ನಾಲ್ಕು ಮಾಡಿ. ಫಾರ್ಲ್ ಅಂದರೆ ಕಾಲು ಭಾಗ ಅಂತಲೇ, ಹಳೇ ಸ್ಕಾಟ್ಸ್ ಮಾತು. ಕಾವಲಿಗೆ ಎಣ್ಣೆ ಬೇಡ. ನಾವು ನೀರು ಚಿಮುಕಿಸಿ ಚುಂಯ್ ಅಂತಾ ಅಂತ ನೋಡುತ್ತೇವಲ್ಲ, ಇದಕ್ಕೆ ಚಿಟಿಕೆ ಒಣಹಿಟ್ಟು ಉದುರಿಸಬೇಕು. ತಕ್ಷಣ ಕಪ್ಪಾದರೆ ಉರಿ ಜಾಸ್ತಿ. ನಿಧಾನಕ್ಕೆ ಕಂದು ಬಣ್ಣ ಬಂದರೆ ಸರಿ. ಒಂದೊಂದು ಬದಿಗೆ ಏಳೆಂಟು ನಿಮಿಷ, ಸಣ್ಣ ಉರಿ. ನಡುನಡುವೆ ಎತ್ತಿ ನೋಡುವ ಚಪಲ ಬೇಡ. ಆಮೇಲೆ ನಾಲ್ಕೂ ತುಂಡನ್ನು ಕತ್ತರಿಸಿದ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ ಇನ್ನೆರಡು ನಿಮಿಷ ಬಿಡಿ. ಒಳಗಿನ ಹಸಿ ಹೋಗೋದು ಅಲ್ಲೇ. ಇದನ್ನು ಹಾರ್ನಿಂಗ್ ಅನ್ನುತ್ತಾರೆ. ಇಳಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಿರುತ್ತದೆ. ಮರುದಿನ ಗಟ್ಟಿಯಾಗುತ್ತದೆ. ಆಗ ನಡುವೆ ಸೀಳಿ ಟೋಸ್ಟ್ ಮಾಡಿ.

ಊರಿಂದ ತಂದ ಬೀಡು ಕಬ್ಬಿಣದ ಕಾವಲಿ ಇದ್ದರೆ ಅದೇ ಬೆಸ್ಟ್. ಇಂಡಕ್ಷನ್ ಒಲೆಗೂ ಆಗುತ್ತದೆ. ಸೂಟ್‌ಕೇಸಿನಲ್ಲಿ ಅದರ ಭಾರಕ್ಕೆ ಯಜಮಾನರು ಏರ್‌ಪೋರ್ಟಿನಲ್ಲಿ ಕಾಫಿಪುಡಿ ತೆಗೆಸಿದ್ದರು, ಅದು ಬೇರೆ ಜಗಳ.

ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಆಲೂಗಡ್ಡೆ ಫಾರ್ಲ್. ಇಲ್ಲಿ ಕೆಲವರು ಫ್ಯಾಜ್ ಅನ್ನುತ್ತಾರೆ. ಇದಕ್ಕೆ ಸೋಡಾನೂ ಬೇಡ. ಅರ್ಧ ಕೆ.ಜಿ. ಆಲೂಗಡ್ಡೆ ಬೇಯಿಸಿ ಬಿಸಿ ಇರುವಾಗಲೇ ಮಸೆದು, ಉಪ್ಪು, ಒಂದು ದೊಡ್ಡ ಚಮಚ ಬೆಣ್ಣೆ, ಸುಮಾರು 100 ಗ್ರಾಂ ಮೈದಾ ಸೇರಿಸಿ. ಬಿಸಿ ಇರುವಾಗಲೇ ಅನ್ನೋದು ಮುಖ್ಯ. ತಣ್ಣಗಾದ ಆಲೂಗಡ್ಡೆ ಜಾಸ್ತಿ ಹಿಟ್ಟು ಕೇಳುತ್ತದೆ, ಆಮೇಲೆ ರಬ್ಬರ್. ರೂಸ್ಟರ್, ಮಾರಿಸ್ ಪೈಪರ್ ತರಹದ ಪುಡಿಪುಡಿ ಆಗುವ ಆಲೂಗಡ್ಡೆ ತನ್ನಿ. ತೆಳ್ಳಗೆ ಲಟ್ಟಿಸಿ, ನಾಲ್ಕು ಮಾಡಿ, ಬದಿಗೆ ಮೂರು ನಾಲ್ಕು ನಿಮಿಷ ಬೇಯಿಸಿ. ಹೊರಗೆ ಚುಕ್ಕೆಚುಕ್ಕೆ ಕಂದು, ಒಳಗೆ ಬೆಣ್ಣೆ. ಹುಚ್ಚೆಳ್ಳು ಚಟ್ನಿಪುಡಿ, ತುಪ್ಪ ಜೊತೆ ತಿಂದು ನೋಡಿ. ಪಕ್ಕದ ಅಜ್ಜಿಗೂ ಒಂದು ಡಬ್ಬಿ ಚಟ್ನಿಪುಡಿ ಈಗ ಕಾಯಂ.

ಬಾಕ್ಸ್‌ಟಿ ಬಗ್ಗೆ ಕೇಳಿದವರಿಗೆ: ಅದೂ ಆಲೂಗಡ್ಡೆ ರೊಟ್ಟಿಯೇ, ಲೀಟ್ರಿಮ್, ಕ್ಯಾವನ್, ಫರ್ಮಾನಾ ಜಿಲ್ಲೆಗಳ ಕಡೆಯದು. ಅರ್ಧ ಹಸಿ ಆಲೂಗಡ್ಡೆ ತುರಿ, ಅರ್ಧ ಬೇಯಿಸಿದ್ದು. ಹಸಿ ತುರಿಯನ್ನು ಬಟ್ಟೆಯಲ್ಲಿ ಹಿಂಡಬೇಕು, ಹಿಂಡಿದ ನೀರಿನ ತಳದಲ್ಲಿ ನಿಂತ ಬಿಳಿ ಗಂಜಿಯನ್ನು ವಾಪಸ್ ಹಾಕಬೇಕು. ನಾನು ಎರಡೇ ಸಲ ಮಾಡಿದ್ದೇನೆ. ರುಚಿ ಚೆನ್ನಾಗಿದೆ, ಹಿಂಡುವ ಕೆಲಸ ಬೇಜಾರು.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಹೋಟೆಲ್‌ಗಳಲ್ಲಿ ಬೆಳಗಿನ ತಿಂಡಿಗೆ ಕೊಡುವ, ಎಲ್ಲ ಹುರಿದದ್ದೇ ಇರುವ ಅಲ್ಸ್ಟರ್ ಫ್ರೈ ತಟ್ಟೆಯಲ್ಲಿ ಈ ಎರಡೂ ಫಾರ್ಲ್ ಇರುತ್ತವೆ. ಬೇಕನ್ (ಹಂದಿಮಾಂಸ) ಕರಿದ ಕೊಬ್ಬಿನಲ್ಲೇ ಅವನ್ನೂ ಹುರಿಯುವುದು ರೂಢಿ. ಬ್ರೆಡ್ ತಾನೇ ಅಂತ ತಿನ್ನಬೇಡಿ, ಕೇಳಿ ತಿನ್ನಿ.

ಇನ್ನು ರಾಗಿ ಹಿಟ್ಟು ಹಾಕಬಹುದಾ ಅಂತ ಇಬ್ಬರು ಕೇಳಿದ್ದಾರೆ, ಗೊತ್ತಿತ್ತು ನನಗೆ! ಕಾಲು ಭಾಗ ರಾಗಿ ಹಾಕಿದೆ, ಬಂತು. ಅರ್ಧ ಹಾಕಿದೆ, ಮಗುಚುವಾಗ ಮುರಿಯಿತು. ಡಬ್ಬಿಗೆ ಹಾಕುವವರು ಸೋಡಾ ಫಾರ್ಲ್ ಸೀಳಿ ಆಲೂಗಡ್ಡೆ ಪಲ್ಯ ತುಂಬಿ. ನಮ್ಮವನು ಅದನ್ನು ವಾಪಸ್ ತರುವುದಿಲ್ಲ. ಚಪಾತಿ ಈಗಲೂ ತರುತ್ತಾನೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಹೋದ ಭಾನುವಾರ ಊರಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಕಾವಲಿ ಮೇಲೆ ಇದೇ ಇತ್ತು. "ಇದೇನೇ, ಅಕ್ಕಿರೊಟ್ಟಿಗೆ ಬಾವು ಬಂದ ಹಾಗಿದೆ. ಒಳಗೆ ಬೆಂದಿದ್ದು ಹೇಗೆ ಗೊತ್ತಾಗುತ್ತೆ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದ, "ಅಜ್ಜಿ, ಹಿಂದೆ ತಟ್ಟಬೇಕು. ಖಾಲಿ ಡಬ್ಬಿ ಸೌಂಡ್ ಬರುತ್ತೆ." ಆಮೇಲೆ ಒಂದು ತುಂಡನ್ನು ಬಟ್ಟೆಯಲ್ಲಿ ಎತ್ತಿ, ಫೋನಿಗೆ ಹಿಡಿದು ಬೆರಳಿನಲ್ಲಿ ಟಕ್ ಟಕ್ ಅಂತ ಬಾರಿಸಿದ.

"ಕೇಳಿಸಲಿಲ್ಲ ಕಂದ, ಇನ್ನೊಂದು ಸಲ ಬಾರಿಸು" ಅಂದರು ಅಮ್ಮ.