ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ ಕೀಮೋ ಬೇಕೋ ಬೇಡವೋ ಎಂದು ತೀರ್ಮಾನಿಸಿದವರು ದಯವಿಟ್ಟು ಅನುಭವ ತಿಳಿಸಿ

ಮಲ್ಲೇಶ್ವರ (ಪ್ರಶ್ನೆ ಕೇಳಿದವರು)

ನನ್ನ ಅಕ್ಕನಿಗೆ 47 ವರ್ಷ. ಮೂರು ವಾರಗಳ ಹಿಂದೆ ಎಡ ಸ್ತನದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ 1.8 ಸೆಂ.ಮೀ., ಗ್ರೇಡ್ 2, ಇ.ಆರ್. ಮತ್ತು ಪಿ.ಆರ್. ಪಾಸಿಟಿವ್ (ಅಂದರೆ ಹಾರ್ಮೋನಿನಿಂದ ಬೆಳೆಯುವ ಗಡ್ಡೆ), ಹರ್-2 ಎಂಬ ಪ್ರೋಟೀನು ನೆಗೆಟಿವ್, ಗಡ್ಡೆ ಬೆಳೆಯುವ ವೇಗ ತೋರಿಸುವ ಕೆಐ-67 ಶೇಕಡಾ 18. ಕಂಕುಳಿನಿಂದ ತೆಗೆದ ಮೂರು ಗ್ರಂಥಿಗಳಲ್ಲೂ ಏನೂ ಇಲ್ಲ. ಮುಟ್ಟು ಇನ್ನೂ ನಿಂತಿಲ್ಲ. ಆಂಕೋಟೈಪ್ ಎಂಬ ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ ಸ್ಕೋರ್ (ಹೆಚ್ಚಿದಷ್ಟೂ ಕಾಯಿಲೆ ಮರಳುವ ಅಪಾಯ ಹೆಚ್ಚು) ನೋಡಿ ತೀರ್ಮಾನಿಸೋಣ, ಇಲ್ಲವಾದರೆ ನೇರವಾಗಿ ನಾಲ್ಕು ಸುತ್ತು ಟಿ.ಸಿ. ಎಂಬ ಎರಡು ಔಷಧಗಳ ಕೀಮೋ ಕೊಡೋಣ ಎಂದು ಡಾಕ್ಟರು ಹೇಳಿದ್ದಾರೆ. ಪರೀಕ್ಷೆಗೆ ಸುಮಾರು ಮೂರು ಲಕ್ಷ ಆಗುತ್ತದಂತೆ. ಮಗಳ ಕಾಲೇಜು ಫೀಸಿಗೆಂದು ಭಾವ ಕೂಡಿಟ್ಟ ಹಣ ಅಷ್ಟೇ ಇದೆ. ಇನ್ನೊಂದು ವಾರದಲ್ಲಿ ಹೇಳಬೇಕಾಗಿದೆ. ಆ ಹಣವನ್ನು ಇದಕ್ಕೆ ಹಾಕುವುದು ಸರಿಯೇ?

ಬನಶಂಕರಿ

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. 2019ರಲ್ಲಿ, ನನಗೆ 58 ತುಂಬಿದ ತಿಂಗಳಲ್ಲೇ, ಇದೇ ಪರೀಕ್ಷೆ ಮಾಡಿಸಿದೆ. ಸ್ಕೋರ್ 14 ಬಂತು. ಕೀಮೋ ತೆಗೆದುಕೊಳ್ಳಲಿಲ್ಲ, ಇಂದಿಗೂ ಆರೋಗ್ಯವಾಗಿದ್ದೇನೆ. ಆ ತೀರ್ಮಾನದ ಬಗ್ಗೆ ನನಗೆ ಹೆಮ್ಮೆಯಿದೆ. ಮನೆಯವರು, ತವರಿನವರು, ಪಕ್ಕದ ಮನೆಯವರು ಎಲ್ಲರೂ "ಒಂದು ಸಲ ಕೀಮೋ ಮಾಡಿಸಿಬಿಡಿ, ನಿಶ್ಚಿಂತೆ" ಎಂದವರೇ. ಪರೀಕ್ಷೆಯ ಕಾಗದ ಕೈಗೆ ಬರುವವರೆಗೂ ನಾನೊಬ್ಬಳೇ ತಡೆದು ನಿಂತಿದ್ದೆ.

ಆಗ ಕಟ್ಟಿದ್ದು 2,80,000 ರೂಪಾಯಿ. ಆರು ಬಳೆ ಮತ್ತು ಒಂದು ಎರಡೆಳೆ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಎರಡು ಲಕ್ಷ ತಂದೆ, ಉಳಿದದ್ದಕ್ಕೆ ಎಫ್.ಡಿ. ಮುರಿಸಿದೆ. ಬಡ್ಡಿ ಸಮೇತ ಒಡವೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಪರೀಕ್ಷೆ ಎಂದು ವಿಮೆಯವರು ಕ್ಲೇಮ್ ತಿರಸ್ಕರಿಸಿದರು. ಮೂರು ಸಲ ಪತ್ರ ಬರೆದೆ, ಮೂರು ಸಲವೂ ಅದೇ ಒಂದು ಸಾಲಿನ ಉತ್ತರ.

ಹಣಕ್ಕಿಂತ ಹೆಚ್ಚು ಅಳಿಸಿದ್ದು ಬ್ಲಾಕ್. ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ ಒಂದೊಂದಕ್ಕೂ ಸಂಖ್ಯೆ ಹಾಕಿ ಇಟ್ಟಿರುತ್ತಾರಷ್ಟೆ, ಅದೇ ಬ್ಲಾಕ್. ನನ್ನ ಶಸ್ತ್ರಚಿಕಿತ್ಸೆ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದವರು ಗಡ್ಡೆಯ ಅಂಚಿನ ಬ್ಲಾಕನ್ನು ಕೊಟ್ಟು ಕಳುಹಿಸಿದರು. ಅದು ಪರೀಕ್ಷೆ ಮಾಡುವ ಕ್ಯಾಲಿಫೋರ್ನಿಯಾದ ಲ್ಯಾಬ್ ತಲುಪಿದ ಮೇಲೆ, ಇದರಲ್ಲಿ ಪರೀಕ್ಷೆಗೆ ಸಾಲುವಷ್ಟು ಗಡ್ಡೆಯ ಅಂಶವಿಲ್ಲ ಎಂದು ಉತ್ತರ ಬಂತು. ಅಲ್ಲಿಗೆ ಹನ್ನೊಂದು ದಿನ ಹೋಯಿತು. ಎರಡನೆಯ ಬ್ಲಾಕ್ ಪಡೆಯಲು ಡಾಕ್ಟರ ಪತ್ರ ಬೇಕು ಎಂದರು, ಪತ್ರ ತಂದರೆ ಕೊಡುವವರು ರಜೆಯಲ್ಲಿದ್ದರು. ಒಟ್ಟು ಇಪ್ಪತ್ತೇಳು ದಿನ. ಆ ದಿನಗಳಲ್ಲಿ ಒಳಗೆ ಏನಾದರೂ ಬೆಳೆಯುತ್ತಿದೆಯೇನೋ ಎಂದು ರಾತ್ರಿಯಿಡೀ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಯಲಹಂಕ

ಟೀಚರ್, ನಿಮ್ಮ ಕಷ್ಟ ಓದಿದೆ. ಆದರೆ ಮುಟ್ಟು ನಿಂತ 58ರ ನಿಮ್ಮ ಕಥೆಯನ್ನು 47ರ ಹೆಣ್ಣುಮಗಳ ಮುಂದೆ ಮಾದರಿಯಾಗಿ ಇಡಬೇಡಿ. 14 ಎಂಬ ಸಂಖ್ಯೆ ಬಂದದ್ದು ನಿಮ್ಮ ಧೈರ್ಯದಿಂದಲ್ಲ.

ನನಗೆ 2016ರಲ್ಲಿ, 43ನೆಯ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಇದೇ ರಿಪೋರ್ಟ್ ಬಂದಿತ್ತು. ಇಂಥದ್ದೊಂದು ಪರೀಕ್ಷೆ ಇದೆಯೆಂದು ಯಾರೂ ಹೇಳಲಿಲ್ಲ. ನಾಲ್ಕು ಸುತ್ತು ಎ.ಸಿ. ಎಂಬ ಕೀಮೋ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ. ಎ.ಸಿ.ಯ ಆ ಕೆಂಪು ಔಷಧವನ್ನು ನರ್ಸ್ ದೊಡ್ಡ ಸಿರಿಂಜಿನಿಂದ ನಿಧಾನವಾಗಿ ಒಳಗೆ ಬಿಡುತ್ತಿದ್ದರು. ಇಂದಿಗೂ ಆರತಿಯ ಓಕುಳಿ ನೀರು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ, ಮದುವೆಮನೆಗಳಲ್ಲಿ ಬಾಗಿಲ ಬಳಿ ನಿಲ್ಲುವುದನ್ನೇ ಬಿಟ್ಟಿದ್ದೇನೆ. ಎರಡನೆಯ ಸುತ್ತಿನ ಹತ್ತನೆಯ ದಿನ 102 ಡಿಗ್ರಿ ಜ್ವರ ಬಂತು, ಬಿಳಿ ರಕ್ತಕಣ 600ಕ್ಕೆ ಇಳಿದಿತ್ತು. ಐದು ದಿನ ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. 68,400 ರೂಪಾಯಿ ಬಿಲ್ಲಿನಲ್ಲಿ ಗ್ಲೌಸು, ಮಾಸ್ಕು, ಹತ್ತಿ ಎಂದು ವಿಮೆಯವರು 7,300 ರೂಪಾಯಿ ಕಡಿತ ಮಾಡಿದರು. ಪಾದಗಳು ಮರಗಟ್ಟಿದ್ದು ಇನ್ನೂ ಪೂರ್ತಿ ಹೋಗಿಲ್ಲ. ಒಮ್ಮೆ ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದು ಎರಡು ಪ್ಲಾಟ್‌ಫಾರಂ ದಾಟಿದ ಮೇಲೆ ನೋಡಿಕೊಳ್ಳುತ್ತೇನೆ, ಬಲಗಾಲಿನಲ್ಲಿ ಚಪ್ಪಲಿಯೇ ಇಲ್ಲ.

ಇಷ್ಟಾದ ಮೇಲೆ 2018ರಲ್ಲಿ ಸಂಬಂಧಿಕರೊಬ್ಬರು ಪತ್ರಿಕೆಯ ಸುದ್ದಿ ಓದಿ, "ಅಯ್ಯೋ, ನಿನಗೆ ಕೀಮೋ ಬೇಕೇ ಇರಲಿಲ್ಲವಂತೆ" ಎಂದರು. ನನ್ನ ಗಡ್ಡೆಯ ಸ್ಕೋರ್ ಎಷ್ಟಿತ್ತೆಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಆ ಮಾತು ಮಾತ್ರ ನನ್ನ ಎದೆಯಲ್ಲಿ ಉಳಿದುಕೊಂಡಿದೆ. ಮಲ್ಲೇಶ್ವರದ ತಂಗಿ, ಅಕ್ಕನಿಗೆ ಯಾರೂ ಹಾಗೆ ಹೇಳದಂತೆ ನೋಡಿಕೊಳ್ಳಿ.

ರಾಜಾಜಿನಗರ

ನಾನು ರೋಗಿಯ ಗಂಡ. 2021ರಲ್ಲಿ ನನ್ನ ಹೆಂಡತಿಗೆ 46 ವರ್ಷ, ಗಡ್ಡೆ 1.6 ಸೆಂ.ಮೀ. 3,05,000 ಕಟ್ಟಿ ಹದಿನೆಂಟು ದಿನ ಕಾದ ಮೇಲೆ ಬಂದ ಸ್ಕೋರ್ 22. ಪರೀಕ್ಷೆ ಎಂದರೆ ಹೌದು ಅಥವಾ ಇಲ್ಲ ಎನ್ನುತ್ತದೆ ಎಂದುಕೊಂಡಿದ್ದೆವು. ನಮಗೆ ಅದು ಎರಡನ್ನೂ ಹೇಳಲಿಲ್ಲ.

ಯಲಹಂಕದ ಅಮ್ಮನವರ ಸಂಬಂಧಿಕರು ಓದಿದ ಸುದ್ದಿ ಟೇಲರ್-ಎಕ್ಸ್ ಅಧ್ಯಯನದ್ದಿರಬೇಕು. 10,273 ಮಹಿಳೆಯರನ್ನು ಸೇರಿಸಿಕೊಂಡ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗ್ರಂಥಿಗೆ ಹರಡದ, ಹಾರ್ಮೋನು ಪಾಸಿಟಿವ್ ಗಡ್ಡೆಯಲ್ಲಿ ಸ್ಕೋರ್ 11ರಿಂದ 25ರ ನಡುವೆ ಇದ್ದವರಿಗೆ ಒಟ್ಟಾರೆಯಾಗಿ ಕೀಮೋದಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದಷ್ಟೇ ತಲೆಬರಹಕ್ಕೆ ಬಂತು. 50 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ಲೆಕ್ಕ ಬೇರೆಯೇ ಇತ್ತು. ಒಂಬತ್ತು ವರ್ಷಗಳಲ್ಲಿ ಕಾಯಿಲೆ ದೂರದ ಅಂಗಗಳಿಗೆ ಹರಡುವುದು, ಸ್ಕೋರ್ 16ರಿಂದ 20 ಇದ್ದವರಲ್ಲಿ ಕೀಮೋದಿಂದ ನೂರಕ್ಕೆ ಸುಮಾರು 1.6ರಷ್ಟು ಕಡಿಮೆಯಾಯಿತು, 21ರಿಂದ 25 ಇದ್ದವರಲ್ಲಿ ಸುಮಾರು 6.5ರಷ್ಟು. ಈ ಎರಡು ಅಂಕಿಗಳನ್ನು ನಮ್ಮ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಮಡಿಕೆಯಲ್ಲಿ ಹರಿದುಹೋಗಿದ್ದರೂ ನನ್ನ ಪರ್ಸಿನಲ್ಲೇ ಇದೆ.

ಎರಡನೆಯ ಅಭಿಪ್ರಾಯ ಕೇಳಿದ ಡಾಕ್ಟರು ಇನ್ನೊಂದು ಮಾತು ಹೇಳಿದರು. ಈ ವಯಸ್ಸಿನವರಿಗೆ ಕೀಮೋ ಕೊಟ್ಟಾಗ, ಗಡ್ಡೆಗೆ ಇಂಬಾಗುವ ಹಾರ್ಮೋನು ತಯಾರಿಸುವ ಅಂಡಾಶಯವೂ ಹಲವರಲ್ಲಿ ಕೆಲಸ ನಿಲ್ಲಿಸುತ್ತದೆ, ಆ ಲಾಭದಲ್ಲಿ ಒಂದು ಪಾಲು ಅದರಿಂದಲೇ ಬಂದಿರಬಹುದು, ಆದ್ದರಿಂದ ಕೀಮೋ ಬಿಟ್ಟು ಇಪ್ಪತ್ತೆಂಟು ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಇಂಜೆಕ್ಷನ್ ಕೊಟ್ಟು ಅಂಡಾಶಯವನ್ನು ತಡೆಹಿಡಿಯುವ ದಾರಿಯೂ ಇದೆ ಎಂದರು. ನಾವು ಹನ್ನೆರಡು ದಿನ ತೂಗಿ ನೋಡಿ ಕೀಮೋವನ್ನೇ ಆರಿಸಿಕೊಂಡೆವು. ನಾಲ್ಕು ಸುತ್ತಿಗೆ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಸೇರಿ, 1,46,750 ರೂಪಾಯಿ ಆಯಿತು. ಹೇಗೂ ಕೀಮೋ ಮಾಡಿಸಿದಿರಿ, ಮೂರು ಲಕ್ಷ ನೀರಿಗೆ ಹೋಯಿತಲ್ಲ ಎಂದು ನನ್ನ ಅಣ್ಣ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಗುರುಗಳು ಕಪ್ಪಾಗಿ ಎದ್ದು ಬರುವಾಗಲೂ ಇದನ್ನು ಏಕೆ ಅನುಭವಿಸುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು.

ಕೆಂಗೇರಿ

ಮೂರು ಲಕ್ಷ ಏಕೆ ಸುರಿಯುತ್ತೀರಿ? ರಕ್ತ ಕೊಟ್ಟರೆ ಜೀನ್ ಪರೀಕ್ಷೆ ಆಗುತ್ತದೆ. ನನಗೆ ಮತ್ತು ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಬ್ರಾಕಾ ಪರೀಕ್ಷೆ ಅದರ ಹತ್ತನೆಯ ಒಂದು ಪಾಲು ಹಣದಲ್ಲಿ ಮುಗಿಯಿತು. ಮೊದಲು ಅದನ್ನು ಮಾಡಿಸಿ.

ರಾಜಾಜಿನಗರ

ಕೆಂಗೇರಿಯ ಮೇಡಂ, ನೀವು ಹೇಳುತ್ತಿರುವುದು ಬೇರೆ ಪರೀಕ್ಷೆ. ಬ್ರಾಕಾ ಎಂಬುದು ತಂದೆತಾಯಿಯಿಂದ ಬಂದ ಜೀನಿನಲ್ಲಿ ದೋಷವಿದೆಯೇ ಎಂದು ನೋಡುತ್ತದೆ. ಆಂಕೋಟೈಪ್ ಗಡ್ಡೆಯೊಳಗೆ 21 ಜೀನುಗಳು ಎಷ್ಟು ಚುರುಕಾಗಿವೆ ಎಂದು ಅಳೆಯುತ್ತದೆ. ಬ್ರಾಕಾ ನೆಗೆಟಿವ್ ಬಂತೆಂದು ಕೀಮೋ ಬಿಡಲಾಗದು. ತಿಳಿಯದೆ ಸಲಹೆ ಕೊಟ್ಟರೆ ಒಬ್ಬರ ಜೀವದ ಪ್ರಶ್ನೆ ಆಗುತ್ತದೆ.

ಕೆಂಗೇರಿ

ತಿಳಿಯದೆ ಎನ್ನಬೇಡಿ ಸರ್. ನನ್ನ ತಂಗಿ 39ಕ್ಕೆ ಹೋದಳು. ಅವಳಿಗೆ ಈ ದೋಷವಿತ್ತೆಂದು ತಿಳಿಯುವಷ್ಟರಲ್ಲಿ ನನಗೂ ಗಡ್ಡೆ ಬಂದಿತ್ತು. ಎರಡು ಪರೀಕ್ಷೆ ಬೇರೆ ಎಂಬುದನ್ನು ಒಪ್ಪಿದೆ, ಕೀಮೋ ತೀರ್ಮಾನಕ್ಕೆ ನನ್ನದು ಆಗುವುದಿಲ್ಲ. ಆದರೆ 47ಕ್ಕೆ ಗಡ್ಡೆ ಬಂದ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳ ಗತಿಯೇನು ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ. ಪ್ರಶ್ನೆ ಹಾಕಿದವರೂ ಒಡಹುಟ್ಟಿದ ತಂಗಿಯೇ ಅಲ್ಲವೇ?

ಬಸವೇಶ್ವರನಗರ

ಎಲ್ಲರೂ ಆಂಕೋಟೈಪ್ ಒಂದೇ ಇದೆ ಎಂಬಂತೆ ಬರೆಯುತ್ತಿದ್ದೀರಿ. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆ ಇದೆ. ಅದು ಗಡ್ಡೆಯಲ್ಲಿನ ಐದು ಪ್ರೋಟೀನುಗಳನ್ನು ಬಣ್ಣ ಹಾಕಿ ನೋಡಿ, ಗಡ್ಡೆಯ ಗಾತ್ರ, ಗ್ರೇಡ್, ಗ್ರಂಥಿಗಳ ಸ್ಥಿತಿ ಸೇರಿಸಿ ಸ್ಕೋರ್ ಕೊಡುತ್ತದೆ. 15.5ರವರೆಗೆ ಬಂದರೆ ಕಡಿಮೆ ಅಪಾಯ, ಅದಕ್ಕಿಂತ ಮೇಲೆ ಹೆಚ್ಚು. ಮಧ್ಯದ ಗೊಂದಲವೇ ಇಲ್ಲ. ನಾನು 52ಕ್ಕೆ ಮಾಡಿಸಿದೆ, ಖರ್ಚು ಆಂಕೋಟೈಪಿನ ನಾಲ್ಕನೆಯ ಒಂದು ಪಾಲಿನಷ್ಟು, ಸ್ಕೋರ್ 11. ಕೀಮೋ ಇಲ್ಲದೆ, ಹಾರ್ಮೋನು ತಗ್ಗಿಸುವ ಲೆಟ್ರೋಜೋಲ್ ಮಾತ್ರೆಯ ನಾಲ್ಕನೆಯ ವರ್ಷ ನಡೆಯುತ್ತಿದೆ. ಬ್ಲಾಕ್ ಸಮುದ್ರ ದಾಟಬೇಕಾಗಿ ಬರಲಿಲ್ಲ.

ಬನಶಂಕರಿ

ಮಧ್ಯದ ಗೊಂದಲವಿಲ್ಲ ಎಂಬುದು ಗೆರೆ ಎಳೆದ ರೀತಿಯಿಂದ ಬಂದದ್ದು, ರೋಗದಿಂದಲ್ಲ. ಹತ್ತು ಸಾವಿರ ಮಹಿಳೆಯರನ್ನು ಸೇರಿಸಿಕೊಂಡು, ಮಧ್ಯದ ಸ್ಕೋರಿನವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೀಮೋ ಕೊಟ್ಟು ಇನ್ನೊಂದಕ್ಕೆ ಬಿಟ್ಟು ವರ್ಷಗಟ್ಟಲೆ ಕಾದು ನೋಡಿದ್ದು ಆಂಕೋಟೈಪಿಗೆ. ನಿಮ್ಮ ಪರೀಕ್ಷೆಗೆ ಅಂಥ ಅಧ್ಯಯನ ಎಲ್ಲಿದೆ? ಕೂಡಿಟ್ಟಿದ್ದ ಹಳೆಯ ಬ್ಲಾಕುಗಳ ಮೇಲೆ ನೋಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಬಸವೇಶ್ವರನಗರ

ಟೀಚರ್, ನೀವು ಒಡವೆ ಅಡವಿಟ್ಟಿರಿ, ಅಡವಿಡಲು ನನ್ನ ಬಳಿ ಏನೂ ಇರಲಿಲ್ಲ. ಆ ಅಧ್ಯಯನದ ಮಾತು ನಿಜ, ನನ್ನ ಡಾಕ್ಟರೂ ಅದನ್ನು ಮುಚ್ಚಿಡಲಿಲ್ಲ. ಆದರೆ ನನ್ನ ಮುಂದಿದ್ದ ಆಯ್ಕೆ ಆಂಕೋಟೈಪೋ ಇದೋ ಎಂಬುದಾಗಿರಲಿಲ್ಲ. ಇದೋ ಅಥವಾ ಏನೂ ಇಲ್ಲವೋ ಎಂಬುದಾಗಿತ್ತು. ಅದನ್ನು ಕಡಿಮೆ ಮಾಡಿ ಮಾತನಾಡಿದರೆ ನನಗೆ ನೋವಾಗುತ್ತದೆ.

ವಿಲ್ಸನ್ ಗಾರ್ಡನ್

ಎರಡು ದಿನದಿಂದ ಓದುತ್ತಿದ್ದೇನೆ. ಚಳ್ಳಕೆರೆಯ ನನ್ನ ತಾಯಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ಐದು ಗ್ರಂಥಿಗಳಿಗೆ ಹರಡಿತ್ತು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಹೋಗಿದ್ದರೆ ಸ್ಕೋರ್ ನೋಡುವ ಮಾತೇ ಬರುವುದಿಲ್ಲ, ಕೀಮೋ ಬೇಕೇ ಬೇಕು ಎಂದು ಅಲ್ಲಿನ ಡಾಕ್ಟರು ನಿಂತಲ್ಲೇ ಆದರೂ ಸಮಾಧಾನದಿಂದ ತಿಳಿಸಿದರು. ಎಂಟು ಸುತ್ತು ಮುಗಿಯಿತು. ಬಿ.ಪಿ.ಎಲ್. ಕಾರ್ಡಿನಿಂದ ಔಷಧದ ಖರ್ಚು ನಡೆಯಿತು. ಊರಿಂದ ಬರುವ ಬಸ್ಸು, ಹೊರಗಿನ ಊಟ, ನಾನು ಬಿಟ್ಟ ಕೂಲಿ ಇವುಗಳ ಲೆಕ್ಕ ಯಾವ ಕಾರ್ಡಿಗೂ ಸೇರಲಿಲ್ಲ. ನನ್ನ ಕೋಪ ಒಂದೇ ಮಾತಿನ ಮೇಲೆ. ಕೀಮೋ ತಪ್ಪಿಸಿಕೊಂಡವರು ಗೆದ್ದವರು, ತೆಗೆದುಕೊಂಡವರು ಸೋತವರು ಎಂಬಂತೆ ಇಲ್ಲಿ ಬರೆಯಲಾಗುತ್ತಿದೆ. ನನ್ನ ತಾಯಿ ಈ ಯುಗಾದಿಗೆ ಹೋಳಿಗೆ ಬೇಯಿಸಿದರು. ಅದು ಕೀಮೋದಿಂದ.

ಬನಶಂಕರಿ

ಹಾಗೆ ಕಂಡಿದ್ದರೆ ನನ್ನ ಬರಹದ ತಪ್ಪು. ಯಲಹಂಕದ ತಾಯಿ, ನಿಮ್ಮ ಕ್ಷಮೆಯನ್ನೂ ಕೇಳುತ್ತೇನೆ. ಕೀಮೋ ಬಿಟ್ಟದ್ದರಿಂದ ಎಲ್ಲವೂ ಸುಖವಾಯಿತೆಂದೂ ತಿಳಿಯಬೇಡಿ. ಐದು ವರ್ಷ ಲೆಟ್ರೋಜೋಲ್ ನುಂಗಿದ ಮೇಲೆ ಬೆಳಿಗ್ಗೆ ಬೆರಳುಗಳು ಮಡಚುವುದಿಲ್ಲ, ಬಿಸಿನೀರಿನಲ್ಲಿ ಕೈ ಇಟ್ಟ ಮೇಲೆಯೇ ಲಟ್ಟಣಿಗೆ ಹಿಡಿಯುತ್ತೇನೆ. ಅದನ್ನು ಮೊದಲೇ ಬರೆಯಬೇಕಿತ್ತು.

ಯಲಹಂಕ

ಕ್ಷಮೆ ಬೇಡ ಟೀಚರ್. ಆದರೆ ಮಲ್ಲೇಶ್ವರದವರಿಗೆ ಇಷ್ಟನ್ನಾದರೂ ಸ್ಪಷ್ಟವಾಗಿ ಹೇಳೋಣ. 47ಕ್ಕೆ ಸ್ಕೋರ್ 15ರ ಒಳಗೆ ಬಂದರೆ ಕೀಮೋ ಇಲ್ಲದ ದಾರಿ, 26 ಅಥವಾ ಅದಕ್ಕಿಂತ ಮೇಲೆ ಬಂದರೆ ಕೀಮೋದ ದಾರಿ, ನಡುವೆ ಬಂದರೆ ರಾಜಾಜಿನಗರದವರ ಹಾಗೆ ಡಾಕ್ಟರ ಮುಂದೆ ಮತ್ತೆ ಕೂರಬೇಕು. ನಡುವೆ ಬಂದರೆ ಕೀಮೋ ತೆಗೆದುಕೊಳ್ಳಲು ಅಕ್ಕ ಸಿದ್ಧರೇ, ಮಾಸಿಕ ಇಂಜೆಕ್ಷನ್ನಿಗೆ ಒಪ್ಪುವರೇ ಎಂದು ಹಣ ಕಟ್ಟುವ ಮೊದಲೇ ಅವರನ್ನೇ ಕೇಳಿ. ಇಲ್ಲಿ ಅಕ್ಕನ ಮನಸ್ಸು ಏನೆಂದು ನಮಗೆ ಇನ್ನೂ ತಿಳಿದಿಲ್ಲ.

ಮಲ್ಲೇಶ್ವರ

ನಿಮ್ಮೆಲ್ಲರ ಮಾತನ್ನು ಅಕ್ಕನಿಗೆ ಓದಿ ಹೇಳಿದೆ. ಮೆಜೆಸ್ಟಿಕ್‌ನ ಚಪ್ಪಲಿಯ ಮಾತು ಬಂದಾಗ ಮತ್ತೊಮ್ಮೆ ಓದಿಸಿದಳು. 20 ಮೀರಿದರೆ ಕೀಮೋ ತೆಗೆದುಕೊಳ್ಳುತ್ತೇನೆ, ಅದಕ್ಕಿಂತ ಕೆಳಗೆ ಬಂದರೆ ಇಂಜೆಕ್ಷನ್ ವಿಷಯ ಡಾಕ್ಟರ ಜೊತೆ ಮಾತಾಡುತ್ತೇನೆ ಎಂದಿದ್ದಾಳೆ. ಮಗಳ ಫೀಸಿನ ಹಣದಲ್ಲಿ ಅರ್ಧ ಮಾತ್ರ ಮುಟ್ಟುತ್ತೇವೆ, ಉಳಿದದ್ದಕ್ಕೆ ನಾನು ನನ್ನ ಪಿ.ಎಫ್.ನಿಂದ ಕೊಡುತ್ತಿದ್ದೇನೆ. ಕೆಂಗೇರಿಯ ಮೇಡಂ ಹೇಳಿದ ರಕ್ತಪರೀಕ್ಷೆಯ ಬಗ್ಗೆಯೂ ನಾಳೆ ಕೇಳುತ್ತೇವೆ.

ಇಂದು ಬೆಳಿಗ್ಗೆ ಪೆಥಾಲಜಿಯಿಂದ ಬ್ಲಾಕ್ ಕೊಟ್ಟರು. ಬೆರಳ ಎರಡು ಗೆಣ್ಣಿನಷ್ಟು ಅಗಲದ ಪ್ಲಾಸ್ಟಿಕ್ ಚೌಕಟ್ಟು, ಒಳಗೆ ಬಿಳಿ ಮೇಣ, ಅದರ ನಡುವೆ ಕಂದು ಬಣ್ಣದ ಒಂದು ಚೂರು. ಅಕ್ಕ ಅಂಗೈಯಲ್ಲಿ ಇಟ್ಟುಕೊಂಡು "ಇಷ್ಟೇನಾ?" ಎಂದಳು. ಮೇಲೆ ಎ-4 ಎಂದು ಬರೆದಿದೆ.

ಬನಶಂಕರಿ

ಕೊರಿಯರ್‌ಗೆ ಕೊಡುವ ಮೊದಲು ಶಸ್ತ್ರಚಿಕಿತ್ಸೆಯ ನಂತರದ ಪೆಥಾಲಜಿ ರಿಪೋರ್ಟಿನ ಕೊನೆಯ ಪುಟ ತೆರೆದು ನೋಡಿ. ಯಾವ ಬ್ಲಾಕಿನಲ್ಲಿ ಯಾವ ಭಾಗ ಇದೆಯೆಂದು ಅಲ್ಲಿ ಬರೆದಿರುತ್ತಾರೆ. ಎ-4ರ ಮುಂದೆ ಗಡ್ಡೆ ಎಂದಿದ್ದರೆ ಸರಿ, ಅಂಚು ಎಂದಿದ್ದರೆ ಇಂದೇ ವಾಪಸು ಹೋಗಿ ಬದಲಿಸಿಕೊಳ್ಳಿ.