ಕಾಂತಕ್ಷೇತ್ರ ಬದಲಾದಾಗ ಎಂ.ಆರ್. ದ್ರವದ ಒತ್ತಡ ತಡವಾಗಿ ಏರುವುದೇಕೆ?

ಪ್ರಶ್ನೆ

ಸಿಲಿಕೋನ್ ಎಣ್ಣೆಯಲ್ಲಿ ಗಾತ್ರದ ಲೆಕ್ಕಕ್ಕೆ ಶೇ. 30ರಷ್ಟು ಕಾರ್ಬೊನಿಲ್ ಕಬ್ಬಿಣದ ಕಣಗಳನ್ನು ಬೆರೆಸಿದ ಎಂ.ಆರ್. (ಮ್ಯಾಗ್ನೆಟೋರಿಯಾಲಜಿಕಲ್, ಅಂದರೆ ಕಾಂತಕ್ಷೇತ್ರದಲ್ಲಿ ಗಟ್ಟಿಯಾಗುವ) ದ್ರವವೊಂದನ್ನು, 20 ಮಿ.ಮೀ. ವ್ಯಾಸದ ಸಮಾನಾಂತರ ತಟ್ಟೆಗಳಿರುವ ರಿಯೋಮೀಟರಿನಲ್ಲಿ (ಹರಿವಿನ ಗುಣಗಳನ್ನು ಅಳೆಯುವ ಉಪಕರಣದಲ್ಲಿ), 1 ಮಿ.ಮೀ. ಅಂತರವಿಟ್ಟು ಅಳೆಯುತ್ತಿದ್ದೇನೆ. ಇಂತಹ ದ್ರವ ಮಿಲಿಸೆಕೆಂಡುಗಳಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ಎಲ್ಲೆಡೆ ಓದಿದ್ದೇನೆ. ಆದರೆ ಸುರುಳಿಗೆ ಒಮ್ಮೆಲೇ 1 ಆಂಪಿಯರ್ ವಿದ್ಯುತ್ ಹರಿಸಿದಾಗ ಶಿಯರ್ ಒತ್ತಡ (ಪದರಗಳು ಒಂದರ ಮೇಲೊಂದು ಜಾರುವಾಗ ಹುಟ್ಟುವ ಒತ್ತಡ) ನೆಲೆಗೊಳ್ಳಲು ಸುಮಾರು 200 ಮಿಲಿಸೆಕೆಂಡು ಹಿಡಿಯುತ್ತದೆ. ವಿದ್ಯುತ್ತನ್ನು ಹಂತಹಂತವಾಗಿ ಏರಿಸಿ ಇಳಿಸಿದರೆ, ಇಳಿಕೆಯ ರೇಖೆ ಏರಿಕೆಯ ರೇಖೆಗಿಂತ ಮೇಲೆಯೇ ಉಳಿಯುತ್ತದೆ. ಇವುಗಳಲ್ಲಿ ದ್ರವದ ಗುಣ ಎಷ್ಟು, ಉಪಕರಣದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ಮೊದಲ ಉತ್ತರ

ವಿಳಂಬದ ಮಟ್ಟಿಗೆ ಸರಳವಾದ ಒಂದು ಪರೀಕ್ಷೆಯಿದೆ. ಅದೇ ಪ್ರಯೋಗವನ್ನು ಸೆಕೆಂಡಿಗೆ 10 ಮತ್ತು 100ರ ಶಿಯರ್ ದರಗಳಲ್ಲಿ (ದ್ರವ ವಿರೂಪಗೊಳ್ಳುವ ವೇಗಗಳಲ್ಲಿ) ಮಾಡಿ ನೋಡಿ. ಕ್ಷೇತ್ರ ಬಂದಾಗ ಕಣಗಳು ಸರಪಳಿಗಳಾಗಿ ಜೋಡಿಸಿಕೊಳ್ಳುತ್ತವೆ. ಹರಿವು ಆ ಸರಪಳಿಗಳನ್ನು ಓರೆಯಾಗಿಸಿ, ಎಳೆದು, ಮುರಿಯುತ್ತದೆ. ಮುರಿದವು ಮತ್ತೆ ಕೂಡುತ್ತವೆ. ಈ ರಚನೆ ನೆಲೆಗೊಳ್ಳಲು ಬೇಕಾಗುವುದು ಮುಖ್ಯವಾಗಿ ಇಂತಿಷ್ಟು ವಿರೂಪವೇ ಹೊರತು ಇಂತಿಷ್ಟು ಕಾಲವಲ್ಲ. ಹಾಗಾಗಿ ದರ ಹತ್ತುಪಟ್ಟಾದಾಗ ವಿಳಂಬವೂ ಸುಮಾರು ಹತ್ತನೆಯ ಒಂದಕ್ಕೆ ಇಳಿದರೆ ಕಾರಣ ದ್ರವದಲ್ಲಿದೆ. ಇಳಿಯದಿದ್ದರೆ ಸುರುಳಿಯನ್ನು ಅನುಮಾನಿಸಬೇಕು: ಅದರ ಪ್ರೇರಕತೆ ವಿದ್ಯುತ್ತನ್ನು ನಿಧಾನವಾಗಿಸುತ್ತದೆ, ಗಟ್ಟಿ ಕಬ್ಬಿಣದ ತಿರುಳಿನಲ್ಲಿ ಹುಟ್ಟುವ ಸುಳಿ ಪ್ರವಾಹಗಳು ಕ್ಷೇತ್ರವನ್ನು ಇನ್ನಷ್ಟು ನಿಧಾನವಾಗಿಸುತ್ತವೆ.

ಬೇರೆ ಬೇರೆ ಕ್ಷೇತ್ರಗಳ ಮಾಪನಗಳನ್ನು ಹೋಲಿಸುವಾಗ ಶಿಯರ್ ದರವೊಂದನ್ನೇ ಸಮನಾಗಿಟ್ಟರೆ ಸಾಲದು. ಹರಿವಿನ ಎಳೆತಕ್ಕೂ ಕಣಗಳ ನಡುವಿನ ಕಾಂತೀಯ ಆಕರ್ಷಣೆಗೂ ಇರುವ ಅನುಪಾತವಾದ ಮೇಸನ್ ಸಂಖ್ಯೆಯನ್ನು ಸಮನಾಗಿಡಬೇಕು. ಕಣಗಳು ಕಾಂತೀಯವಾಗಿ ತುಂಬಿಹೋಗುವ ಮುನ್ನ ಆ ಆಕರ್ಷಣೆ ಕ್ಷೇತ್ರದ ವರ್ಗದಂತೆ ಬೆಳೆಯುವುದರಿಂದ, ಕ್ಷೇತ್ರ ಎರಡುಪಟ್ಟಾದರೆ ದರ ನಾಲ್ಕುಪಟ್ಟಾದಾಗಲೇ ಎರಡೂ ಸ್ಥಿತಿಗಳು ಹೋಲಿಕೆಗೆ ಸಿಗುತ್ತವೆ.

ಎರಡನೆಯ ಉತ್ತರ

ಏರಿಳಿತದ ಕುಣಿಕೆಯ ಬಗ್ಗೆ ಹೇಳುವುದಾದರೆ, ನೀವು ಒತ್ತಡವನ್ನು ವಿದ್ಯುತ್ತಿನ ಎದುರು ಗುರುತಿಸುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಕೆಳಗಿನ ತಟ್ಟೆಯ ಅಡಿಯಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಹಾಲ್ ಸಂವೇದಕವನ್ನಿಟ್ಟು ಕಾಂತ ಅಭಿವಾಹ ಸಾಂದ್ರತೆಯನ್ನೇ ಅಳೆಯಿರಿ. ತಟ್ಟೆಗೆ ಲಂಬವಾಗಿರುವ ಅದರ ಘಟಕ ಮೇಲ್ಮೈಯನ್ನು ದಾಟುವಾಗ ಬದಲಾಗುವುದಿಲ್ಲವಾದ್ದರಿಂದ, ಅಲ್ಲಿನ ಓದು ದ್ರವದೊಳಗಿನ ಬೆಲೆಗೆ ಹತ್ತಿರವೇ ಇರುತ್ತದೆ. ಕಾರ್ಬೊನಿಲ್ ಕಬ್ಬಿಣ ಮೃದು ಕಾಂತವಸ್ತು, ತಾನಾಗಿ ಹೆಚ್ಚು ಕಾಂತತ್ವವನ್ನು ಉಳಿಸಿಕೊಳ್ಳದು. ಸುರುಳಿಯ ಕ್ಷೇತ್ರವನ್ನು ದ್ರವದತ್ತ ಸಾಗಿಸುವ ಧ್ರುವದ ತುಂಡುಗಳು ಮಾತ್ರ ಉಳಿಸಿಕೊಳ್ಳಬಲ್ಲವು. ಪ್ರತಿ ಸರಣಿಯ ಮೊದಲು ವಿದ್ಯುತ್ತಿನ ದಿಕ್ಕನ್ನು ಅದಲುಬದಲು ಮಾಡುತ್ತ, ಪ್ರಮಾಣವನ್ನು ಸೊನ್ನೆಗೆ ಇಳಿಸಿ ಕಾಂತತ್ವವನ್ನು ಕಳೆಯಿರಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ತಟ್ಟೆಯ ಕೇಂದ್ರದಲ್ಲಿ ಶಿಯರ್ ದರ ಸೊನ್ನೆ, ಅಂಚಿನಲ್ಲಿ ಗರಿಷ್ಠ. ತಂತ್ರಾಂಶ ತಿರುಚುಬಲದಿಂದ ಒತ್ತಡವನ್ನು ಲೆಕ್ಕಹಾಕುವಾಗ ದ್ರವವನ್ನು ನ್ಯೂಟನೀಯ (ಒತ್ತಡ ಶಿಯರ್ ದರಕ್ಕೆ ಅನುಪಾತದಲ್ಲಿರುವಂಥದು) ಎಂದು ಭಾವಿಸಿದ್ದರೆ, ಯೀಲ್ಡ್ ಒತ್ತಡವೇ (ಹರಿಯತೊಡಗಲು ಬೇಕಾದ ಕನಿಷ್ಠ ಒತ್ತಡವೇ) ಪ್ರಧಾನವಾಗಿರುವ ನಿಮ್ಮ ದ್ರವದಲ್ಲಿ ಅದು ನಿಜಕ್ಕಿಂತ ಮೂರನೆಯ ಒಂದರಷ್ಟು ಹೆಚ್ಚು ತೋರಿಸುತ್ತದೆ: ಪರದೆಯ ಮೇಲೆ 40 ಕಿಲೋಪಾಸ್ಕಲ್ ಇದ್ದರೆ ನಿಜವಾದದ್ದು 30. ಈ ತಿದ್ದುಪಡಿಯಿಲ್ಲದ ಅಂಕಿಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಪ್ರಶ್ನಿಸಿದವರ ಮರುಮಾತು

ಎರಡನ್ನೂ ಮಾಡಿದೆ. ಎರಡು ದರಗಳಲ್ಲೂ ವಿಳಂಬ ಹೆಚ್ಚುಕಡಿಮೆ ಒಂದೇ ಆಗಿತ್ತು, ಹಾಲ್ ಸಂವೇದಕದ ಓದೂ ಅಷ್ಟೇ ತಡವಾಗಿ ಏರಿತು. ಆದ್ದರಿಂದ ತಪ್ಪು ದ್ರವದ್ದಲ್ಲ. ಅಳೆದ ಕ್ಷೇತ್ರದ ಎದುರು ಗುರುತಿಸಿದಾಗ ಕುಣಿಕೆ ಬಹಳಮಟ್ಟಿಗೆ ಮುಚ್ಚಿಕೊಂಡಿತಾದರೂ, ಕಡಿಮೆ ಶಿಯರ್ ದರದಲ್ಲಿ ಸಣ್ಣದೊಂದು ಅಂತರ ಉಳಿದಿದೆ. ಪ್ರಯೋಗ ಮುಗಿಸಿ ಮೇಲಿನ ತಟ್ಟೆಯನ್ನು ನಿಧಾನವಾಗಿ ಎತ್ತಿದಾಗ, ಕಪ್ಪು ಬೂದು ಬಣ್ಣದ ಆ ಪದರದಲ್ಲಿ ಒಂದರೊಳಗೊಂದು ಉಂಗುರಗಳಂತಹ ಗೆರೆಗಳು ಕಂಡವು. ಇದು ಸಹಜವೇ?

ಮೂರನೆಯ ಉತ್ತರ

ಸಹಜವೇ. ದೀರ್ಘಕಾಲ ಶಿಯರ್‌ಗೆ ಒಳಗಾದ ಸರಪಳಿಗಳು ಒಗ್ಗೂಡಿ ಹರಿವಿನ ದಿಕ್ಕಿನಲ್ಲಿ ಹಾಳೆಗಳಂತೆ ನಿಲ್ಲುತ್ತವೆ. ತಿರುಗುವ ತಟ್ಟೆಯ ಕೆಳಗೆ ಆ ಹಾಳೆಗಳೇ ಉಂಗುರಗಳಾಗುತ್ತವೆ. ಉಳಿದ ಅಂತರಕ್ಕೂ ಇಂತಹದೇ ಕಾರಣವಿರಬಹುದು: ಹೆಚ್ಚಿನ ಕ್ಷೇತ್ರದಲ್ಲಿ ಕಟ್ಟಿಕೊಂಡ ದಪ್ಪ ರಚನೆಗಳನ್ನು, ಕ್ಷೇತ್ರ ಇಳಿದ ಮೇಲೆ ಒಡೆಯುವಷ್ಟು ವಿರೂಪವನ್ನು ನಿಧಾನದ ಹರಿವು ಒದಗಿಸಿರುವುದಿಲ್ಲ. ಪ್ರತಿ ಬಿಂದುವಿಗೂ ಮೊದಲು ಕ್ಷೇತ್ರವಿಲ್ಲದೆ ಅರ್ಧ ನಿಮಿಷ ಜೋರಾಗಿ ಶಿಯರ್ ಮಾಡಿ, ಆಮೇಲೆ ಅಳೆಯಿರಿ.

ಈ ತರ್ಕವನ್ನು ಫೆರೋದ್ರವಕ್ಕೆ (ತೀರಾ ಸಣ್ಣ ಕಾಂತೀಯ ಕಣಗಳು ತೇಲುವ ದ್ರವಕ್ಕೆ) ಮಾತ್ರ ಹಾಗೆಯೇ ಒಯ್ಯಬೇಡಿ. ಅಲ್ಲಿನ ಕಣಗಳು ಸುಮಾರು 10 ನ್ಯಾನೋಮೀಟರ್ ಅಳತೆಯವು. ಅವುಗಳ ಮೇಲೆ ಉಷ್ಣ ಚಲನೆಯ ಹಿಡಿತ ಬಲವಾಗಿರುತ್ತದೆ. ಕಾಂತತ್ವ ಕಣದ ಮೈಗೆ ಬಿಗಿದುಕೊಂಡಿದ್ದರೆ ಸ್ಥಿರ ಕ್ಷೇತ್ರವು ಕಣದ ಉರುಳುವಿಕೆಯನ್ನು ತಡೆದು ಸ್ನಿಗ್ಧತೆಯನ್ನು ಏರಿಸುತ್ತದೆ. ಆದರೆ ಸಾಕಷ್ಟು ವೇಗವಾಗಿ ಪರ್ಯಾಯಗೊಳ್ಳುವ ಕ್ಷೇತ್ರವು ಕಣಗಳನ್ನು ಹರಿವಿಗಿಂತ ಜೋರಾಗಿ ಉರುಳಿಸಿ ಸ್ನಿಗ್ಧತೆಯನ್ನು ತಗ್ಗಿಸುತ್ತದೆ. ಇದನ್ನು ಶ್ಲಿಯೋಮಿಸ್ ಮತ್ತು ಮೊರೊಜೊವ್ 1994ರಲ್ಲಿ ಸೈದ್ಧಾಂತಿಕವಾಗಿ ತೋರಿಸಿದರು. ಮರುವರ್ಷ ಬಾಕ್ರಿ ಮತ್ತು ಸಂಗಡಿಗರು ಪ್ರಯೋಗದಲ್ಲಿ ಕಂಡರು. ಇದನ್ನು ಋಣ ಸ್ನಿಗ್ಧತೆ ಎನ್ನುತ್ತಾರಾದರೂ, ಋಣವಾಗುವುದು ಕ್ಷೇತ್ರದ ಕೊಡುಗೆಯಷ್ಟೇ, ದ್ರವದ ಒಟ್ಟು ಸ್ನಿಗ್ಧತೆಯಲ್ಲ; ಬೇಕಾದ ಶಕ್ತಿ ಸುರುಳಿಯಿಂದ ಬರುತ್ತದೆ. ನಿಮ್ಮ ಮೈಕ್ರೋಮೀಟರ್ ಅಳತೆಯ ಕಬ್ಬಿಣದ ಕಣಗಳಲ್ಲಿ ಇದನ್ನು ಹುಡುಕಬೇಡಿ.